ಪರದೆಯ ಮೇಲೆ ನೋವಿನ ಸಿಬಿಟಿ: ಅಮೆರಿಕದ ಮಾಜಿ ಸೈನಿಕರ ವಿಡಿಯೊ ಚಿಕಿತ್ಸೆಯ ದೀರ್ಘ ಬಳಕೆಯ ವಿಮರ್ಶೆ

ಸಿಬಿಟಿ ಎಂದರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಯೋಚನೆ ಮತ್ತು ನಡವಳಿಕೆ ಬದಲಿಸಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ. ಇದರಿಂದ ನೋವು ಹೋಗುವುದಿಲ್ಲ. ಹತ್ತರಲ್ಲಿ ಏಳು ಇದ್ದದ್ದು ಆರಕ್ಕೆ ಬಂದೀತು, ಕೆಲವರಿಗೆ ಅದೂ ಇಲ್ಲ. ಹೆಚ್ಚುವುದು, ನೋವಿದ್ದರೂ ಒಂದು ದಿನದಲ್ಲಿ ಮಾಡಲಾಗುವ ಕೆಲಸ. ಇದನ್ನು ತಿಳಿಯದೆ ಸೇರಿದವರು ನಾಲ್ಕೈದು ವಾರಕ್ಕೇ ಬೇಸತ್ತು ಬಿಡುವುದುಂಟು. ಹಾಗೆ ಬಿಟ್ಟವರ ಸಿಟ್ಟು ನ್ಯಾಯವಾದದ್ದೇ, ಅವರಿಗೆ ಮೊದಲೇ ಯಾರೂ ಹೇಳಿರುವುದಿಲ್ಲ.

ಅಮೆರಿಕದ ವೆಟರನ್ಸ್ ಅಫೇರ್ಸ್ ಇಲಾಖೆ, ಅಂದರೆ ಎಲ್ಲರೂ ಕರೆಯುವ ‘ವಿಎ’, ದೀರ್ಘಕಾಲದ ನೋವಿಗೆಂದೇ ಸಿಬಿಟಿಯ ಒಂದು ಕ್ರಮ ರೂಪಿಸಿದೆ. ಪೂರ್ತಿ ಕ್ರಮ 11 ಸೆಷನ್, ಮುಗಿದ ಮೇಲೆ ಕಲಿತದ್ದನ್ನು ನೆನಪಿಸುವ ಒಂದು ಬೂಸ್ಟರ್. ವಾರಕ್ಕೊಂದು ಸೆಷನ್, ಹೆಚ್ಚುಕಡಿಮೆ ಒಂದು ಗಂಟೆ. ಮೊದಲ ಹಂತದ ಚಿಕಿತ್ಸೆ ಕೊಡುವ ಪ್ರೈಮರಿ ಕೇರ್ ಕ್ಲಿನಿಕ್‌ಗಳಲ್ಲಿ ಇದರದೇ ಚಿಕ್ಕ ರೂಪವಿದೆ: 6 ಪಾಠ, ತಲಾ 30 ನಿಮಿಷ. ವಿಎಯಲ್ಲಿ ಹೆಸರು ನೋಂದಾಯಿಸಿದವರು ತಮ್ಮ ಪ್ರೈಮರಿ ಕೇರ್ ವೈದ್ಯರನ್ನೇ ರೆಫರಲ್ (ಶಿಫಾರಸು) ಕೇಳಬೇಕು. ಕೇಳುವಾಗ ‘ಕೌನ್ಸೆಲಿಂಗ್ ಬೇಕು’ ಎಂದರೆ ಸಾಲದು, ‘ನೋವಿನ ಸಿಬಿಟಿ, ವಿಡಿಯೊದಲ್ಲಿ’ ಎಂದೇ ಹೇಳಿ. ಇಲ್ಲದಿದ್ದರೆ ಸಾಮಾನ್ಯ ಮಾನಸಿಕ ಆರೋಗ್ಯದ ಸರದಿಯಲ್ಲಿ ನಿಲ್ಲಬೇಕಾದೀತು.

ಸೆಷನ್ ನಡೆಯುವುದು ವಿಎಯದೇ ವಿಡಿಯೊ ಕರೆ ವ್ಯವಸ್ಥೆಯಾದ ವಿಎ ವಿಡಿಯೊ ಕನೆಕ್ಟ್‌ನಲ್ಲಿ. ಇಮೇಲ್‌ಗೆ ಬಂದ ಲಿಂಕ್ ಒತ್ತಿದರೆ ಸಾಕು. ವಿಎ ಚಿಕಿತ್ಸಕರು ಒಂದು ರಾಜ್ಯದಲ್ಲಿದ್ದು ಇನ್ನೊಂದು ರಾಜ್ಯದವರಿಗೆ ವಿಡಿಯೊದಲ್ಲಿ ಚಿಕಿತ್ಸೆ ಕೊಡಬಹುದೆಂಬ ನಿಯಮ 2018ರಲ್ಲಿ ಬಂತು. ಆಸ್ಪತ್ರೆಗೆ ಮೂರು ಗಂಟೆ ಕಾರಿನಲ್ಲಿ ಕೂತು ಬೆನ್ನು ಹಿಡಿಸಿಕೊಂಡು, ಬೆನ್ನುನೋವಿನ ಬಗ್ಗೆ ಒಂದು ಗಂಟೆ ಮಾತಾಡಿ, ಮತ್ತೆ ಮೂರು ಗಂಟೆ ಕೂತು ಬರುವ ವಿಪರ್ಯಾಸ ಇದರಿಂದ ತಪ್ಪಿತು. ಆದರೆ ನಿಯಮದ ಮಾತು ರಾಜ್ಯಗಳ ಮಟ್ಟಿಗೆ. ಊರಿಗೆಂದು ಬೆಂಗಳೂರಿಗೆ ಬಂದು ಎರಡು ತಿಂಗಳು ಇರುವ ಯೋಚನೆಯಿದ್ದರೆ, ಸೆಷನ್ ಅಲ್ಲಿಂದಲೂ ನಡೆಯುತ್ತದೆಂದು ನಂಬಿ ಟಿಕೆಟ್ ಮಾಡಬೇಡಿ. ಚಿಕಿತ್ಸಕರನ್ನು ಮೊದಲೇ ಕೇಳಿಕೊಳ್ಳಿ.

ಎದುರಾಎದುರು ಕೂತು ಮಾಡಿಸಿಕೊಂಡಷ್ಟು ಇದು ಫಲ ಕೊಡುತ್ತದೆಯೇ? ವಿಎ ಕನೆಕ್ಟಿಕಟ್‌ನಲ್ಲಿ ಬೆನ್ನುನೋವಿದ್ದ 125 ಜನರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಿಡಿಯೊ ಕೂಡ ಇರಲಿಲ್ಲ. ಸ್ವಯಂಚಾಲಿತ ದೂರವಾಣಿಗೆ ದಿನವೂ ತಮ್ಮ ಲೆಕ್ಕ ಒಪ್ಪಿಸುವುದು, ವಾರಕ್ಕೊಮ್ಮೆ ಚಿಕಿತ್ಸಕರ ಧ್ವನಿಮುದ್ರಿತ ಸಂದೇಶ ಕೇಳುವುದು, ಅಷ್ಟೆ. ನೋವಿನ ಅಂಕ ಅಲ್ಲಿ ಸರಾಸರಿ 0.77 ಇಳಿಯಿತು, ಆಸ್ಪತ್ರೆಗೆ ಬಂದವರಲ್ಲಿ 0.84. ವ್ಯತ್ಯಾಸ ನಗಣ್ಯ. ಇನ್ನೊಂದು ಅಂಶ ನನಗೆ ಹೆಚ್ಚು ಮುಖ್ಯ: ಮನೆಯಲ್ಲೇ ಇದ್ದವರು ಸರಾಸರಿ 2.3 ಸೆಷನ್ ಹೆಚ್ಚು ಮುಗಿಸಿದರು. ನೋವು ಇಳಿದ ಎರಡೂ ಅಂಕಿ ಒಂದಕ್ಕಿಂತ ಕಡಿಮೆ ಎಂಬುದನ್ನೂ ಗಮನಿಸಿ. 75 ಅಧ್ಯಯನ ಒಟ್ಟುಗೂಡಿಸಿದ 2020ರ ಕಾಕ್ರೇನ್ (ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸುವ ಸಂಸ್ಥೆ) ವಿಮರ್ಶೆ ಹೇಳಿದ್ದೂ ಇದನ್ನೇ, ಲಾಭ ಇದೆ, ಚಿಕ್ಕದು.

ಹಾಗಾಗಿ ಅಳೆಯುವ ಕೋಲು ಸರಿಯಿರಬೇಕು. ‘ಪೆಗ್’ ಎಂಬ ಮೂರು ಪ್ರಶ್ನೆಗಳ ಅಳತೆ ಸಾಕು: ಕಳೆದ ವಾರ ಸರಾಸರಿ ನೋವು ಎಷ್ಟು, ಬದುಕಿನ ಖುಷಿಗೆ ಅದು ಎಷ್ಟು ಅಡ್ಡಿಯಾಯಿತು, ದಿನದ ಚಟುವಟಿಕೆಗೆ ಎಷ್ಟು ಅಡ್ಡಿಯಾಯಿತು. ಪ್ರತಿಯೊಂದಕ್ಕೂ 0ಯಿಂದ 10, ಕೂಡಿಸಿ ಮೂರರಿಂದ ಭಾಗಿಸಿ. ಉದಾಹರಣೆಗೆ ಮೊದಲ ವಾರ 7, 8, 8 ಇದ್ದರೆ 7.7. ಹನ್ನೆರಡನೇ ವಾರ 6, 5, 5 ಆದರೆ 5.3. ನೋವು ಇಳಿದದ್ದು ಒಂದೇ ಅಂಕ, ಪೆಗ್ ಇಳಿದದ್ದು ಶೇ 30ಕ್ಕೂ ಹೆಚ್ಚು. ಶೇ 30 ಇಳಿದರೆ ಅದನ್ನು ನಿಜವಾದ ಸುಧಾರಣೆ ಎಂದು ಲೆಕ್ಕ ಹಿಡಿಯುತ್ತಾರೆ.

ಮನೆಯ ಏರ್ಪಾಟಿನಲ್ಲಿ ಎಡವುವುದು ಸಣ್ಣ ವಿಷಯಗಳಲ್ಲೇ. ಫೋನ್ ಕೈಯಲ್ಲಿ ಹಿಡಿದು ಒಂದು ಗಂಟೆ ಕೂತರೆ ಕುತ್ತಿಗೆ, ಭುಜ ಎರಡೂ ಹಿಡಿದುಕೊಳ್ಳುತ್ತವೆ. ಲ್ಯಾಪ್‌ಟಾಪನ್ನು ಕಣ್ಣಿನ ಮಟ್ಟಕ್ಕೆ ಬರುವಂತೆ ಪುಸ್ತಕ ಪೇರಿಸಿ ಇಡಿ, ನಾಲ್ಕೈದು ಅಡಿ ಹಿಂದೆ ಕೂರಿ. ಮುಖ ಮಾತ್ರ ಕಂಡರೆ ನೀವು ಉಸಿರು ಬಿಗಿಹಿಡಿದದ್ದು, ಒಂದೇ ಪಕ್ಕಕ್ಕೆ ವಾಲಿದ್ದು ಚಿಕಿತ್ಸಕರಿಗೆ ಕಾಣುವುದಿಲ್ಲ. ನಡುನಡುವೆ ಎದ್ದು ನಿಲ್ಲುತ್ತೇನೆಂದು ಮೊದಲೇ ಹೇಳಿಡಿ, ಅದರಲ್ಲಿ ಅಗೌರವವೇನಿಲ್ಲ. ಪ್ರತಿ ಸಲ ಆರಂಭದಲ್ಲಿ ‘ಈಗ ಎಲ್ಲಿದ್ದೀರಿ, ವಿಳಾಸ ಏನು’ ಎಂದು ಕೇಳುವುದು ತುರ್ತು ಸಂದರ್ಭಕ್ಕಾಗಿ. ಪೊಲೀಸ್ ವಿಚಾರಣೆಯಂತೆ ಕಂಡರೂ ಸರಿಯಾಗಿ ಹೇಳಿ.

ಇಡೀ ಕ್ರಮದಲ್ಲಿ ಕೊಟ್ಟ ಸಮಯಕ್ಕೆ ಬೆಲೆ ಬರುವುದು ಪೇಸಿಂಗ್ ಪಾಠದಿಂದ, ಅಂದರೆ ಕೆಲಸವನ್ನು ಹೊತ್ತಿನ ಲೆಕ್ಕದಲ್ಲಿ ತುಂಡು ಮಾಡಿ ಮಾಡುವುದರಿಂದ. ಹಿಡಿದ ಕೆಲಸ ಹಲ್ಲುಕಚ್ಚಿ ಮುಗಿಸುವುದೇ ಸೈನ್ಯದ ತರಬೇತಿ. ನೋವು ಕಡಿಮೆಯಿದ್ದ ದಿನ ಹುಲ್ಲುಹಾಸು, ಗ್ಯಾರೇಜು, ಅಂಗಡಿ ಎಲ್ಲ ಮುಗಿಸಿ, ಮುಂದಿನ ಮೂರು ದಿನ ಹಾಸಿಗೆ. ಇದನ್ನು ಮುರಿಯುವ ಲೆಕ್ಕ ಹೀಗಿದೆ. ಒಂದೇ ಕೆಲಸ ಆರಿಸಿಕೊಳ್ಳಿ, ಹುಲ್ಲು ಕತ್ತರಿಸುವುದು ಎಂದಿಟ್ಟುಕೊಳ್ಳಿ. ಮೂರು ಬೇರೆಬೇರೆ ದಿನ, ನೋವು ಕೆರಳುವ ಮೊದಲು ಎಷ್ಟು ನಿಮಿಷ ಮಾಡಲಾಗುತ್ತದೆಂದು ಬರೆಯಿರಿ: 20, 14, 17. ಸರಾಸರಿ 17. ಅದರಲ್ಲಿ ಐದನೇ ಒಂದು ಭಾಗ ಕಳೆದರೆ 13.6, ಕೆಳಕ್ಕೆ ಇಳಿಸಿ 13 ಎಂದಿಟ್ಟುಕೊಳ್ಳಿ. ಫೋನಿನಲ್ಲಿ 13 ನಿಮಿಷದ ಟೈಮರ್ ಇಡಿ. ಗಂಟೆ ಬಾರಿಸಿದಾಗ ಕೆಲಸ ಅರ್ಧದಲ್ಲಿದ್ದರೂ ನಿಲ್ಲಿಸಿ, 10 ನಿಮಿಷ ವಿಶ್ರಾಂತಿ, ಮತ್ತೆ 13. ವಿಶ್ರಾಂತಿ ಎಂದರೆ ಮಲಗುವುದಲ್ಲ. ಕೂರುವುದು, ಭಂಗಿ ಬದಲಿಸುವುದು, ನೀರು ಕುಡಿಯುವುದು.

ನಿಲ್ಲಿಸಲು ಗಡಿಯಾರವೇ ಏಕೆ? ನೋವು ಬಂದ ಮೇಲೆ ನಿಲ್ಲಿಸಿದರೆ, ನಿಲ್ಲಬೇಕಾದಾಗಲೆಲ್ಲ ನೋವು ಬೇಕು ಎಂದು ಮೈ ಕಲಿಯುತ್ತದೆ. ನೋವು ಬರುವ ಮೊದಲೇ ನಿಂತರೆ ಆ ಕೊಂಡಿ ಕಳಚುತ್ತದೆ. ಒಂದು ವಾರ ಕೆರಳದೆ ನಡೆದರೆ ಮಾತ್ರ ಒಂದೆರಡು ನಿಮಿಷ ಹೆಚ್ಚಿಸಿ. ತಪ್ಪುವುದು ಹೆಚ್ಚಾಗಿ ನೋವು ಕಡಿಮೆಯಿರುವ ದಿನ: ‘ಇವತ್ತು ಚೆನ್ನಾಗಿದೆ, ಇನ್ನು ಹತ್ತೇ ನಿಮಿಷ’ ಎಂದು ಟೈಮರ್ ನಿಲ್ಲಿಸಿಬಿಡುವುದು. ನೋವು ಜೋರಿರುವ ದಿನ ಪೂರ್ತಿ ಬಿಡದೆ ಅರ್ಧ ಮಾಡಿ. ಮೊದಲ ಮೂರು ವಾರ ಇದು ನಿಧಾನದ, ಸ್ವಲ್ಪ ಅವಮಾನದ ಕೆಲಸ ಅನ್ನಿಸುತ್ತದೆ. ಕೆಲಸದ ನಡುವೆ ತಾವಾಗಿ ನಿಲ್ಲುವುದೂ ಶಿಸ್ತೇ ಎಂದು ಒಪ್ಪುವುದು ಸೈನಿಕರಿಗೆ ಕಷ್ಟ.

ಉಸಿರಾಟ ಮತ್ತು ಸ್ನಾಯು ಸಡಿಲಿಸುವ ಅಭ್ಯಾಸದಲ್ಲಿ ಎರಡು ಎಚ್ಚರಿಕೆ. ನೋವಿರುವ ಸ್ನಾಯುವನ್ನು ಬಿಗಿಮಾಡಬೇಡಿ, ಅದನ್ನು ಬಿಟ್ಟು ಮುಂದಕ್ಕೆ ಹೋಗಿ. ಯುದ್ಧದ ಆಘಾತ ಇನ್ನೂ ಕಾಡುವವರಿಗೆ ಕಣ್ಣು ಮುಚ್ಚಿದೊಡನೆ ಗಾಬರಿ ಏರಬಹುದು. ಅವರು ಕಣ್ಣು ತೆರೆದು, ನೆಲದ ಒಂದು ಗುರುತು ನೋಡುತ್ತ, ಬಾಗಿಲು ಕಾಣುವಂತೆ ಕೂತು ಮಾಡಲಿ. ತಲೆಗೆ ಪೆಟ್ಟಾಗಿದ್ದವರು ಪ್ರತಿ ಸೆಷನ್ನಿನ ಸಾರಾಂಶವನ್ನು ಬರಹದಲ್ಲಿ ಕೇಳಿ ಪಡೆಯಲಿ.

ಯೋಚನೆಗಳ ಪಾಠವನ್ನು ಬಹಳ ಜನ ‘ಪಾಸಿಟಿವ್ ಥಿಂಕಿಂಗ್’ ಎಂದು ತಿಳಿದು ಮೂಗು ಮುರಿಯುತ್ತಾರೆ. ‘ನನ್ನ ಬೆನ್ನು ಮುಗಿದೇ ಹೋಯಿತು’ ಎಂಬ ಮಾತಿಗೆ ಉತ್ತರ ‘ಎಲ್ಲ ಸರಿಹೋಗುತ್ತದೆ’ ಎಂದಾದರೆ ಅದು ಇನ್ನೊಂದು ಸುಳ್ಳು. ‘ಹೋದ ತಿಂಗಳೂ ಹೀಗೆ ಕೆರಳಿತ್ತು, ಮೂರು ದಿನಕ್ಕೆ ಇಳಿಯಿತು’ ಎಂದರೆ ದಾಖಲೆಯ ಬಲ ಇರುತ್ತದೆ. ನಿದ್ದೆಯ ಪಾಠ ಚಿಕ್ಕದು: ಏಳುವ ಹೊತ್ತು ಒಂದೇ ಇರಲಿ, ಇಪ್ಪತ್ತು ನಿಮಿಷ ಹೊರಳಾಡಿದರೂ ನಿದ್ದೆ ಬಾರದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಿ.

ಮನೆಯವರಿಗೆ ಒಂದು ಮಾತು. ಗಂಟೆಗೊಮ್ಮೆ ‘ನೋವು ಹೇಗಿದೆ?’ ಎಂದು ಕೇಳುವುದು ಪ್ರೀತಿಯಿಂದಲೇ, ಆದರೆ ಅದರಿಂದ ಗಮನವೆಲ್ಲ ನೋವಿನ ಮೇಲೇ ನಿಲ್ಲುತ್ತದೆ. ‘ಇವತ್ತು ಏನೇನು ಮಾಡಿದ್ರಿ?’ ಎಂದು ಕೇಳಿ ನೋಡಿ. ಕನ್ನಡ ಮನೆಮಾತಾಗಿರುವವರಿಗೆ ಇನ್ನೊಂದು ತೊಡಕು ಇಂಗ್ಲಿಷ್. ಸೆಳೆತ, ಉರಿ, ಜೋಮು, ಚುಚ್ಚು, ಹಿಡಿತ ಇವೆಲ್ಲ ಅಲ್ಲಿ ‘ಪೇನ್’ ಒಂದೇ ಆಗಿಬಿಡುತ್ತದೆ. ಪ್ರತಿಯೊಂದೂ ಯಾವಾಗ, ಎಲ್ಲಿ, ಎಷ್ಟು ಹೊತ್ತು ಎಂದು ಮೊದಲ ಸೆಷನ್ನಿಗೇ ಬರೆದುಕೊಂಡು ಹೋಗಿ. ಉರಿ, ಜೋಮು ನರದತ್ತ ಬೆರಳು ತೋರಿಸಬಹುದು, ವೈದ್ಯರಿಗೆ ಅದು ಬೇಕು.

ಓಪಿಯಾಯ್ಡ್ (ಅಫೀಮಿನ ಬಗೆಯ ಪ್ರಬಲ ನೋವುನಿವಾರಕ) ಮಾತ್ರೆ ತೆಗೆದುಕೊಳ್ಳುವವರು ಸಿಬಿಟಿ ಶುರುವಾಯಿತೆಂದು ತಾವೇ ನಿಲ್ಲಿಸಬಾರದು, ಥಟ್ಟನೆ ನಿಲ್ಲಿಸುವುದು ಅಪಾಯಕಾರಿ. ಸಾಯುವ ಯೋಚನೆ ಬಂದರೆ ಮುಂದಿನ ವಾರದ ಸೆಷನ್ನಿಗೆ ಕಾಯಬೇಡಿ: ಅಮೆರಿಕದಲ್ಲಿ 988 ಒತ್ತಿ, ನಂತರ 1. ಭಾರತೀಯ ಸೇನೆಯಿಂದ ನಿವೃತ್ತರಾದವರಿಗೆ ವಿಎ ಸೇವೆ ಸಿಗುವುದಿಲ್ಲ. ಅವರಿಗೆ ಇಲ್ಲಿ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಪಾಲಿಕ್ಲಿನಿಕ್‌ನ ರೆಫರಲ್ ಇದೆ, ಮತ್ತು 14416ರಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. ಇದು ಕನ್ನಡದಲ್ಲೂ, ಹಗಲಿರುಳೂ ಸಿಗುತ್ತದೆ. 2023ರ ಡಿಸೆಂಬರ್‌ನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಸೇನೆಗೆಂದೇ ಟೆಲಿ ಮಾನಸ್‌ನ ಒಂದು ಘಟಕವೂ ಶುರುವಾಯಿತು. ಆದರೆ ಇದು ಆಪ್ತಸಮಾಲೋಚನೆಯ ಸಹಾಯವಾಣಿ. ಹನ್ನೊಂದು ವಾರದ ನೋವಿನ ಪಾಠಕ್ರಮವನ್ನು ಇದರಿಂದ ನಿರೀಕ್ಷಿಸಬೇಡಿ.

ಸೆಷನ್ ಎಲ್ಲ ಮುಗಿದ ಮೇಲಿನ ವರ್ಷ ನಿಂತಿರುವುದು ಕೊನೆಯ ಪಾಠದಲ್ಲಿ ಬರೆಸುವ ಒಂದು ಕಾರ್ಡಿನ ಮೇಲೆ. ನೋವು ಕೆರಳಿದಾಗ ಮೊದಲ ದಿನ ಏನು ಅರ್ಧ ಮಾಡಬೇಕು, ಯಾವ ಉಸಿರಾಟ, ಎಷ್ಟು ಸಲ, ಯಾರಿಗೆ ಫೋನ್, ಮೂರನೇ ದಿನ ಎಷ್ಟು ನಿಮಿಷದಿಂದ ಮತ್ತೆ ಶುರು. ಕೊನೆಯ ಸಾಲಿನಲ್ಲಿ, ಯಾವ ಲಕ್ಷಣ ಬಂದರೆ ಕಾರ್ಡು ಪಕ್ಕಕ್ಕಿಟ್ಟು ಆಸ್ಪತ್ರೆಗೆ ಹೋಗಬೇಕು: ಕಾಲು ಬಲ ಕಳೆದುಕೊಳ್ಳುವುದು, ಮಲಮೂತ್ರದ ಹಿಡಿತ ತಪ್ಪುವುದು. ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಫೋನಿನಲ್ಲಿ ಫೋಟೊ ತೆಗೆದಿಟ್ಟರೆ, ನೋವು ಕೆರಳಿದ ರಾತ್ರಿ ಅದನ್ನು ಹುಡುಕುವ ತಾಳ್ಮೆ ಯಾರಿಗೂ ಇರುವುದಿಲ್ಲ.