ಇ-ಟ್ವಿನಿಂಗ್ ಮತ್ತು ಎರಾಸ್ಮಸ್ ಪ್ಲಸ್: ಯುರೋಪಿನ ಶಾಲೆಗೆ ಯಾವುದು ಮೊದಲು?

ಗಡಿಯಾಚೆಯ ಶಾಲೆಯೊಂದಿಗೆ ಪಾಲುದಾರಿಕೆ ಬಯಸುವ ಯುರೋಪಿನ ಶಾಲೆಗೆ ಮುಖ್ಯವಾಗಿ ಎರಡು ದಾರಿಗಳಿವೆ. 2005ರಲ್ಲಿ ಆರಂಭವಾದ ಇ-ಟ್ವಿನಿಂಗ್‌ನಲ್ಲಿ ಯಾರೂ ಪ್ರಯಾಣ ಮಾಡಬೇಕಿಲ್ಲ. ಶಿಕ್ಷಕರು ಅಂತರ್ಜಾಲದಲ್ಲಿ ಜೊತೆಗಾರರನ್ನು ಹುಡುಕಿಕೊಂಡು, ಟ್ವಿನ್‌ಸ್ಪೇಸ್ ಎಂಬ ಸುರಕ್ಷಿತ ತಾಣದಲ್ಲಿ ಮಕ್ಕಳೊಂದಿಗೆ ಜಂಟಿ ಯೋಜನೆ ನಡೆಸುತ್ತಾರೆ. ಶುಲ್ಕವಿಲ್ಲ, ಯೋಜನೆಗೆ ಅನುದಾನವೂ ಇಲ್ಲ.

ಯುರೋಪಿಯನ್ ಒಕ್ಕೂಟದ ಶಿಕ್ಷಣ ಕಾರ್ಯಕ್ರಮವಾದ ಎರಾಸ್ಮಸ್ ಪ್ಲಸ್ ಪ್ರಯಾಣಕ್ಕೂ ವಾಸ್ತವ್ಯಕ್ಕೂ ನೆರವು ಕೊಡುತ್ತದೆ. 2021–2027ರ ನಿಯಮಗಳಂತೆ ಮಕ್ಕಳ ಗುಂಪು 2ರಿಂದ 30 ದಿನ ಆತಿಥೇಯ ಶಾಲೆಯಲ್ಲಿ ಕಲಿಯಬಹುದು. ವಿದ್ಯಾರ್ಥಿಯೊಬ್ಬರು ಪ್ರತ್ಯೇಕವಾಗಿ ಒಂದು ವರ್ಷದವರೆಗೂ ಅಲ್ಲಿರಬಹುದು. ಶಿಕ್ಷಕರು 60 ದಿನಗಳವರೆಗೆ ಅಲ್ಲಿನ ಸಹೋದ್ಯೋಗಿಗಳ ಕೆಲಸವನ್ನು ಹತ್ತಿರದಿಂದ ಗಮನಿಸಬಹುದು. ಆದರೆ ಅರ್ಜಿ, ಪೋಷಕರ ಒಪ್ಪಿಗೆ, ವಿಮೆ, ಲೆಕ್ಕಪತ್ರ, ವರದಿ ಎಲ್ಲವೂ ಶಾಲೆಯ ಹೊಣೆ. ಎರಾಸ್ಮಸ್‌ನ ಮಾನ್ಯತೆ ಪಡೆಯದ ಶಾಲೆ ಕಿರು ಅವಧಿಯ ಯೋಜನೆಗೆ ಅರ್ಜಿ ಹಾಕಬಹುದು: 6ರಿಂದ 18 ತಿಂಗಳು, ಹೆಚ್ಚೆಂದರೆ 30 ಮಂದಿ.

ಇಲ್ಲಿಯೇ ನನ್ನ ಆಯ್ಕೆ ಸ್ಪಷ್ಟವಾಗುತ್ತದೆ. ಪರದೆಯ ಮೇಲೆ ಒಂದು ವರ್ಷ ಒಟ್ಟಿಗೆ ದುಡಿದ ಇಬ್ಬರು ಶಿಕ್ಷಕರಿಗೆ ಪರಸ್ಪರರ ಪಠ್ಯಕ್ರಮ, ವೇಳಾಪಟ್ಟಿ, ಮಕ್ಕಳ ಭಾಷಾಮಟ್ಟ ತಿಳಿದಿರುವುದರಿಂದ, ಆನಂತರದ ಭೇಟಿ ಬರಿಯ ಪ್ರವಾಸವಾಗದೆ ಕಲಿಕೆಯಾಗುವ ಸಂಭವ ಹೆಚ್ಚು. ಆದ್ದರಿಂದ ಹೊಸ ಶಾಲೆ ಇ-ಟ್ವಿನಿಂಗ್‌ನಿಂದಲೇ ತೊಡಗಲಿ. ನಂಬಿಕಸ್ಥ ಪಾಲುದಾರರಿದ್ದು, ಕಚೇರಿ ಕೆಲಸಕ್ಕೆ ಒಬ್ಬರನ್ನು ಬಿಡಬಲ್ಲ ಶಾಲೆ ಮಾತ್ರ ಎರಾಸ್ಮಸ್‌ಗೆ ನೇರವಾಗಿ ಹೋಗಬಹುದು. ಅಂಗವೈಕಲ್ಯ ಅಥವಾ ಬಡತನದಿಂದ ಹಿಂದುಳಿಯುವ ಮಕ್ಕಳಿಗೆ ಅದರಲ್ಲಿ ಹೆಚ್ಚುವರಿ ನೆರವಿದೆ. ಅದನ್ನು ಅರ್ಜಿಯಲ್ಲಿಯೇ ಕೇಳಲು ಮರೆಯಬಾರದು.