ದೊಡ್ಡ ದೊಡ್ಡ ಸಂಖ್ಯೆಗಳ ಜಾತಕ ಬಿಚ್ಚಿಡೋ ಫ್ರೀ ಕ್ಯಾಲ್ಕುಲೇಟರ್ - ನನ್ನ ರಿವ್ಯೂ

ಗಣಿತದ ಹುಚ್ಚು ಇರೋರು, ಮೇಷ್ಟ್ರುಗಳು, ಪಿಯುಸಿ ಮಕ್ಕಳು ಎಲ್ರೂ ನೋಡ್ಲೇಬೇಕಾದ ಸೈಟ್ ಇದು. ಅರ್ಜೆಂಟೀನಾದ ಡಾರಿಯೋ ಆಲ್ಪರ್ನ್ ಅನ್ನೋರು ಮಾಡಿರೋ ಫ್ಯಾಕ್ಟರಿಂಗ್ ಕ್ಯಾಲ್ಕುಲೇಟರ್, ಪೂರ್ತಿ ಫ್ರೀ, ಲೆಕ್ಕ ಎಲ್ಲಾ ನಮ್ಮ ಬ್ರೌಸರ್ ಒಳಗೇ ನಡೆಯುತ್ತೆ. ಬಾಕ್ಸಲ್ಲಿ ಸಂಖ್ಯೆ ಹಾಕಿ ಬಟನ್ ಒತ್ತಿದ್ರೆ ಅವಿಭಾಜ್ಯ ಅಪವರ್ತನಗಳು ಬಂದ್ಬಿಡುತ್ತೆ.

2^67-1 (ಅಂದ್ರೆ 67 ಸಲ 2 ಬರೆದು ಗುಣಿಸಿ 1 ಕಳೆದಿದ್ದು) ಅಂತ ಹಂಗೇ ಟೈಪ್ ಮಾಡಿ ನೋಡಿ, 21 ಅಂಕಿ ಬಿಡಿಸಿ ಬರೀಬೇಕಿಲ್ಲ. 1644ರಲ್ಲಿ ಮರ್ಸೆನ್ ಅನ್ನೋ ಗಣಿತಜ್ಞರು ಇದನ್ನ ಅವಿಭಾಜ್ಯ ಅಂತ ಪಟ್ಟಿಗೆ ಸೇರಿಸಿದ್ರು, 1876ರಲ್ಲಿ ಲ್ಯೂಕಾ ಅನ್ನೋರು ಇದು ಅವಿಭಾಜ್ಯ ಅಲ್ಲ ಅಂತ ತೋರಿಸಿದ್ರು ಆದ್ರೆ ಅಪವರ್ತನ ಯಾವ್ದು ಅಂತ ಗೊತ್ತಾಗ್ಲಿಲ್ಲ, ಕೊನೆಗೆ 1903ರಲ್ಲಿ ಕೋಲ್ ಅನ್ನೋರು ಕೈಲೆಕ್ಕದಲ್ಲೇ 193707721 × 761838257287 ಅಂತ ಹುಡುಕಿ ಕೊಟ್ರು. ಇಲ್ಲಿ ಅದೇ ಉತ್ತರ ಕಣ್ಣು ಮಿಟುಕಿಸೋದ್ರೊಳಗೆ.

ಆದ್ರೆ ನಂಗೆ ಜಾಸ್ತಿ ಇಷ್ಟ ಆಗಿದ್ದು ಅಪವರ್ತನ ಅಲ್ಲ, ಅದರ ಕೆಳಗೆ ಬರೋ ಸಾಲುಗಳು. ಎಷ್ಟು ಭಾಜಕ, ಅವುಗಳ ಮೊತ್ತ ಎಷ್ಟು, ಆಯ್ಲರ್ ಟೋಷಿಯೆಂಟ್ (ಆ ಸಂಖ್ಯೆಗಿಂತ ಚಿಕ್ಕದಾಗಿದ್ದು, ಅದರ ಜೊತೆ 1 ಬಿಟ್ರೆ ಬೇರೆ ಸಾಮಾನ್ಯ ಭಾಜಕ ಇಲ್ಲದ ಸಂಖ್ಯೆಗಳ ಎಣಿಕೆ) ಎಷ್ಟು, ಆಮೇಲೆ ಆ ಸಂಖ್ಯೆಯನ್ನ ವರ್ಗಗಳ ಮೊತ್ತವಾಗಿ ಬರೆದು ತೋರಿಸುತ್ತೆ. 4294967297 ಹಾಕಿದ್ರೆ ಎರಡೇ ವರ್ಗ ಸಾಕು, 2^67-1ಕ್ಕೆ ಮಾತ್ರ ನಾಲ್ಕು ಬೇಕು. ಯಾಕೆ ಅಂತ ಒಂದು ಪೇಪರ್ ತಗೊಂಡು ಕೂತ್ರೆ ನಿಜಕ್ಕೂ ಖುಷಿ ಆಗುತ್ತೆ: ಯಾವ ವರ್ಗವನ್ನ 8ರಿಂದ ಭಾಗಿಸಿದ್ರೂ ಶೇಷ 0, 1 ಇಲ್ಲಾ 4 ಅಷ್ಟೇ, ಇವುಗಳಲ್ಲಿ ಮೂರನ್ನ ಹೆಂಗೆ ಕೂಡಿಸಿದ್ರೂ ಶೇಷ 7 ಬರಲ್ಲ, ಆದ್ರೆ 2^67-1ರ ಶೇಷ 7. ನಾಲ್ಕು ಇದ್ರೆ ಎಲ್ಲಾ ಸಂಖ್ಯೆಗೂ ಸಾಕು ಅಂತ 1770ರಲ್ಲೇ ಲಗ್ರಾಂಜ್ ಸಾಧಿಸಿದಾರೆ. ಇನ್ನು 4294967297 ಇದೆಯಲ್ಲ, ಅದು 65536²+1² ಕೂಡ ಹೌದು, 62264²+20449² ಕೂಡ ಹೌದು. ಅವಿಭಾಜ್ಯ ಆಗಿದ್ರೆ ಎರಡು ರೀತೀಲಿ ಬರೆಯೋಕೆ ಸಾಧ್ಯನೇ ಇಲ್ಲ! ಫರ್ಮಾ ಅವಿಭಾಜ್ಯ ಅಂತ ನಂಬಿದ್ದ ಸಂಖ್ಯೆ ಇದು, ಆಯ್ಲರ್ 1732ರಲ್ಲಿ 641 × 6700417 ಅಂತ ಒಡೆದ್ರು.

ಪೇಜ್ ತುಂಬಾ ಸಾದಾ, ಕನ್ನಡ ಇಲ್ಲ, ನಮ್ಮ ಲಕ್ಷ ಕೋಟಿ ಥರ ಕಾಮಾನೂ ಇಲ್ಲ, ಅಂಕಿ ಎಣಿಸೋಕೆ ಸ್ವಲ್ಪ ಅಭ್ಯಾಸ ಬೇಕು. ಎರಡು ದೊಡ್ಡ ಅವಿಭಾಜ್ಯಗಳನ್ನ ಗುಣಿಸಿ ಮಾಡಿದ 90-100 ಅಂಕಿ ಸಂಖ್ಯೆ ಹಾಕೋದಾದ್ರೆ ಫೋನಲ್ಲಿ ಬೇಡ, ಲ್ಯಾಪ್‌ಟಾಪಲ್ಲಿ ಹಾಕಿ ಬಿಟ್ಬಿಡಿ, ತುಂಬಾ ಹೊತ್ತು ಹಿಡಿಯುತ್ತೆ, ಅದು ಸಾಫ್ಟ್‌ವೇರ್ ತಪ್ಪಲ್ಲ, ಲೆಕ್ಕನೇ ಅಷ್ಟು ಕಷ್ಟ, ಆನ್‌ಲೈನ್ ಗುಟ್ಟುಗಳನ್ನ ಕಾಯೋ ಆರ್‌ಎಸ್‌ಎ ಅನ್ನೋ ಲಾಕ್ ನಿಂತಿರೋದೇ ಆ ಕಷ್ಟದ ಮೇಲೆ.

ಅದೇ ಸೈಟಲ್ಲಿ ಪೂರ್ಣಾಂಕ ಸಮೀಕರಣ ಬಿಡಿಸೋ ಪೇಜೂ ಇದೆ, ಅದನ್ನ ಬಿಡ್ಬೇಡಿ. ಒಂದು ವರ್ಗಸಂಖ್ಯೆಯನ್ನ 61ರಿಂದ ಗುಣಿಸಿ 1 ಸೇರಿಸಿದ್ರೆ ಇನ್ನೊಂದು ವರ್ಗ ಬರ್ಬೇಕು ಅನ್ನೋ ಲೆಕ್ಕ ಕೊಡಿ. ಸೊನ್ನೆ ಬಿಟ್ರೆ ಅತಿ ಚಿಕ್ಕ ಉತ್ತರವೇ 226153980 ಮತ್ತು 1766319049 (ಇವು ಆ ಎರಡು ವರ್ಗಗಳ ಮೂಲಗಳು), ನಮ್ಮ ಭಾಸ್ಕರಾಚಾರ್ಯರು 12ನೇ ಶತಮಾನದಲ್ಲೇ ಚಕ್ರವಾಲ ಅನ್ನೋ ವಿಧಾನದಲ್ಲಿ ತೆಗೆದ ಅದೇ ಉತ್ತರ.