ಐಸೋಪಾಡ್ ಅಂತ ಹೇಳಿ ಕಾಡಿನ ಹುಳ ಕಳಿಸಿದರು, ಆನ್‌ಲೈನ್‌ನಲ್ಲಿ ತರಿಸುವವರು ಹುಷಾರು

ಟೆರೇರಿಯಂಗೆ (ಗಾಜಿನ ಡಬ್ಬಿಯೊಳಗಿನ ಪುಟ್ಟ ತೋಟ) ಐಸೋಪಾಡ್, ಅಂದರೆ ಒಣ ಎಲೆ ತಿಂದು ಬದುಕುವ ಚಿಪ್ಪಿನ ಪುಟ್ಟ ಜೀವಿ, ಹುಡುಕುತ್ತಿರುವವರು ಮೊದಲು ಇದನ್ನು ಓದಿ, ಆಮೇಲೆ ದುಡ್ಡು ಹಾಕಿ. ಇನ್‌ಸ್ಟಾಗ್ರಾಂನಲ್ಲಿ ಮಾರುವವನೊಬ್ಬ ‘ಜೈಂಟ್ ಬ್ಲ್ಯಾಕ್ ಐಸೋಪಾಡ್, ರೇರ್’ ಅಂತ ಹಾಕಿ, ಹತ್ತಕ್ಕೆ ₹1,800 ತಗೊಂಡು ನನಗೆ ಕಳಿಸಿದ್ದು ಐಸೋಪಾಡೇ ಅಲ್ಲ. ಸೊರಗಿದ ಐಸೋಪಾಡ್ ಅಂತಲ್ಲ, ಬೇರೆ ಬಣ್ಣದ್ದು ಅಂತಲೂ ಅಲ್ಲ. ಐಸೋಪಾಡೇ ಅಲ್ಲ!

ನನ್ನದು ಬರೀ ಗಿಡಗಳ ಟೆರೇರಿಯಂ. ಪಾಚಿ, ಫರ್ನ್, ಒಂದಿಷ್ಟು ಫಿಟೋನಿಯಾ. ಬೂಷ್ಟು ತಿನ್ನಲು ಸ್ಪ್ರಿಂಗ್‌ಟೇಲ್ ಅನ್ನೋ ಪುಟ್ಟ ಜೀವಿಗಳು ಆಗಲೇ ಇದ್ದವು. ಉದುರಿದ ಎಲೆ ತಿಂದು ಗೊಬ್ಬರ ಮಾಡಲು ಐಸೋಪಾಡ್ ಬೇಕಿತ್ತು, ಅಷ್ಟೇ. ಐಸೋಪಾಡ್‌ನಲ್ಲೇ ಡ್ವಾರ್ಫ್ ವೈಟ್ ಇದೆಯಾ, ಪೌಡರ್ ಆರೆಂಜ್ ಇದೆಯಾ ಅಂತ ಅವನನ್ನು ಕೇಳಿದೆ. ‘ಅವೆಲ್ಲ ಸಣ್ಣವು ಮೇಡಂ, ಕಣ್ಣಿಗೇ ಕಾಣಲ್ಲ, ಇದು ನೋಡಿ, ನಾವೇ ಬ್ರೀಡ್ ಮಾಡಿದ್ದು’ ಅಂದ. ಹೊಟ್ಟೆಯ ಕೆಳಗಿನ ಚೀಲದಲ್ಲಿ ಮರಿ ತುಂಬಿಕೊಂಡ ಐಸೋಪಾಡ್ ಫೋಟೋ ಕಳಿಸಿದ. ಫೋಟೋ ಅಪ್ಪಟ ಐಸೋಪಾಡ್‌ದೇ, ಅದರಲ್ಲಿ ಸುಳ್ಳಿಲ್ಲ. ಯಾರದೋ ಫೋಟೋ ಇರಬೇಕು.

ಕೊರಿಯರ್ ಬಂತು. ಗಾಳಿಗೆ ಒಂದು ತೂತೂ ಇಲ್ಲದ ಡಬ್ಬಿ, ಒಳಗೆ ನೀರು ಸೋರುವಷ್ಟು ಒದ್ದೆಯಾದ ಟಿಶ್ಯೂ, ಅದರಲ್ಲಿ ಕಪ್ಪಗೆ ಮಿಂಚುವ ದಪ್ಪ ದಪ್ಪ ಉಂಡೆಗಳು. ಅರ್ಧದಷ್ಟು ಸತ್ತಿದ್ದವು. ಉಳಿದವು ನಿಧಾನಕ್ಕೆ ಬಿಚ್ಚಿಕೊಂಡವು. ಎಷ್ಟು ಚೆಂದ ಇದೆ ಅಂತ ಫೋಟೋ ತೆಗೆದು ತೀರ್ಥಹಳ್ಳಿಯಲ್ಲಿರುವ ಚಿಕ್ಕಪ್ಪನ ಮಗನಿಗೆ ಕಳಿಸಿದೆ. ಅವನ ಉತ್ತರ: ‘ಅಕ್ಕಾ, ಇದು ನಮ್ಮ ತೋಟದಲ್ಲಿ ದರಗಿನ ಅಡಿ ಬೇಕಾದಷ್ಟು ಬಿದ್ದಿರತ್ತೆ. ಇದಕ್ಕೆ ದುಡ್ಡು ಕೊಟ್ಟು ತರಿಸಿದ್ಯಾ?’ ಮನೆಯವರ ಗ್ರೂಪಿಗೂ ಹಾಕಿಬಿಟ್ಟ. ಚಿಕ್ಕಮ್ಮ ನಗುವ ಎಮೋಜಿ ಸಾಲಾಗಿ ಹಾಕಿದರು. ಮುಖ ಎಲ್ಲಿಟ್ಟುಕೊಳ್ಳಲಿ ಹೇಳಿ.

ಆಗ ತಿರುಗಿಸಿ ಕಾಲು ನೋಡಿದೆ. ಐಸೋಪಾಡ್‌ಗೆ ಏಳು ಜೊತೆ, ಅಂದರೆ 14 ಕಾಲು. ಇದಕ್ಕೆ ಹೆಚ್ಚಿನ ಪಟ್ಟಿಗಳಲ್ಲಿ ಎರಡೆರಡು ಜೊತೆ. ಇದು ಪಿಲ್ ಮಿಲಿಪೀಡ್, ಸಹಸ್ರಪದಿಯಲ್ಲೇ ಉಂಡೆಯಾಗುವ ಜಾತಿ. ಆರ್ಥ್ರೋಸ್ಫೇರಾ ಅಂತ ನಮ್ಮ ಪಶ್ಚಿಮ ಘಟ್ಟದಲ್ಲಿ ಇದೆಯಲ್ಲ, ಅದೇ. ಐಸೋಪಾಡ್ ಅಂದರೆ ಏಡಿ, ಸೀಗಡಿಗಳ ಬಳಗ. ಇದಕ್ಕೂ ಅದಕ್ಕೂ ಸಂಬಂಧವೇ ದೂರ. ಇದು ಮಣ್ಣಲ್ಲಿ ಮೊಟ್ಟೆ ಇಡುತ್ತೆ, ಹೊಟ್ಟೆಯಡಿ ಚೀಲವೇ ಇಲ್ಲ! ನಿಧಾನಕ್ಕೆ ಬೆಳೆಯುವ ಪ್ರಾಣಿ, ಡಬ್ಬಿಯಲ್ಲಿ ಸಾಕೋದು ಕಷ್ಟ. ಒಳ್ಳೇ ಹುಳವೇ, ಮಂಗಳೂರು ವಿಶ್ವವಿದ್ಯಾಲಯದವರು ಇದು ಮಾಡುವ ಗೊಬ್ಬರದ ಮೇಲೆ ಅಧ್ಯಯನ ಮಾಡಿದ್ದಾರೆ. ಹುಳದ್ದೇನೂ ತಪ್ಪಿಲ್ಲ. ಕಾಡಲ್ಲೋ ತೋಟದಲ್ಲೋ ಆರಿಸಿ ತಂದು ‘ನಾವೇ ಬ್ರೀಡ್ ಮಾಡಿದ್ದು’ ಅಂದನಲ್ಲ, ಅದು ತಪ್ಪು.

ಮೆಸೇಜ್ ಮಾಡಿದೆ. ಮೊದಲು: ‘ಅನ್‌ಬಾಕ್ಸಿಂಗ್ ವಿಡಿಯೋ ಕಳಿಸಿ ಮೇಡಂ.’ ಕಳಿಸಿದೆ. ಆಮೇಲೆ: ‘ಸತ್ತಿಲ್ಲ, ಮಲಗಿವೆ.’ ವಾಸನೆ ಬರ್ತಿದೆ ಅಂದೆ. ‘ಕೋಕೋಪೀಟ್ ಮೇಲೆ ಬಿಟ್ಟು ದಿನಕ್ಕೆ ಮೂರು ಸಲ ನೀರು ಸ್ಪ್ರೇ ಮಾಡಿ, ಮುಚ್ಚಳ ಟೈಟಾಗಿ ಹಾಕಿ.’ ನಿಜವಾದ ಐಸೋಪಾಡ್‌ಗೆ ಹೀಗೆ ಮಾಡಿದರೂ ಸಾಯುತ್ತವೆ. ಅವು ಉಸಿರಾಡೋದು ಹೊಟ್ಟೆಯ ಹಿಂಭಾಗದಲ್ಲಿರುವ ಕಿವಿರಿನಂಥ ಅಂಗದಿಂದ. ಅದಕ್ಕೆ ತೇವ ಬೇಕು ನಿಜ, ಆದರೆ ಗಾಳಿಯೂ ಬೇಕು. ಒಂದು ಬದಿ ಒದ್ದೆ ಪಾಚಿ, ಇನ್ನೊಂದು ಬದಿ ಒಣಗಿರಬೇಕು, ಬೇಕಾದ ಕಡೆ ಅವೇ ಹೋಗುತ್ತವೆ. ಬರೀ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಊಟ ಅಲ್ಲ. ಒಣ ಎಲೆ ಬೇಕು, ಚಿಪ್ಪಿಗೆ ಸುಣ್ಣದ ಅಂಶ ಬೇಕು, ಮೊಟ್ಟೆ ಸಿಪ್ಪೆ ಪುಡಿ ಸಾಕು. ಮಾರುವವನಿಗೇ ಇದು ಗೊತ್ತಿಲ್ಲ.

ಇದು ಮಿಲಿಪೀಡ್ ಕಣಪ್ಪಾ ಅಂತ ಕಾಲಿನ ಫೋಟೋ ಹಾಕಿದ ಮೇಲೆ ಬಂದ ಉತ್ತರ: ‘ಎಲ್ಲಾ ಒಂದೇ ಫ್ಯಾಮಿಲಿ ಮೇಡಂ.’ ಎಲ್ಲಾ ಒಂದೇ ಫ್ಯಾಮಿಲಿಯಂತೆ! ಅಷ್ಟಕ್ಕೇ ನಿಲ್ಲಲಿಲ್ಲ. ‘ಬೇಜಾರಾಗಿದ್ರೆ ಹಾಫ್ ವೈಟ್ ಮಾರ್ಫ್ ಕೊಡ್ತೀನಿ, ತುಂಬಾ ರೇರ್, ಇನ್ನು ₹500 ಹಾಕಿ’ ಅಂತ ಅರ್ಧ ಬೆಳ್ಳಗೆ, ಅರ್ಧ ಬೂದು ಇರುವ ಐಸೋಪಾಡ್ ಫೋಟೋ ಕಳಿಸಿದ. ಮಾರ್ಫ್ ಅಂದರೆ ಬೇರೆ ಬಣ್ಣದ ತಳಿ, ಆದರೆ ಅದು ಬರೀ ಪೊರೆ ಬಿಡುತ್ತಿರುವ ಐಸೋಪಾಡ್. ಅವು ಮೊದಲು ಹಿಂದಿನ ಅರ್ಧ, ಆಮೇಲೆ ಮುಂದಿನ ಅರ್ಧ ಪೊರೆ ಬಿಡುತ್ತವೆ, ಅದಕ್ಕೆ ಮುಂಚೆ ಒಂದರ್ಧ ಬಿಳುಚಿಕೊಂಡಿರುತ್ತೆ. ಪೊರೆ ಬಿಡೋದಕ್ಕೂ ರೇಟು! ಹಾಗಂತ ಬರೆದೆ. ಬ್ಲಾಕ್.

ಹಾಗಾಗಿ, ದುಡ್ಡು ಹಾಕೋ ಮುಂಚೆ ಹೊಟ್ಟೆಯ ಕಡೆಯ ವಿಡಿಯೋ ಕೇಳಿ, ಅವತ್ತೇ ತೆಗೆದದ್ದು, ಕಾಲು ಎಣಿಸಿ. ವೈಜ್ಞಾನಿಕ ಹೆಸರು ಕೇಳಿ. ಡೈರಿ ಕೌ ಅನ್ನೋ ಐಸೋಪಾಡ್ ಅಂದರೆ ಪೋರ್ಸೆಲಿಯೋ ಲೇವಿಸ್ ಅಂತ ನಿಜವಾಗಿ ಸಾಕುವವರು ತಕ್ಷಣ ಹೇಳುತ್ತಾರೆ. ‘ಜೈಂಟ್’, ‘ರೇರ್’ ಬಿಟ್ಟು ಬೇರೆ ಹೆಸರೇ ಬರದಿದ್ದರೆ ಬಿಟ್ಟುಬಿಡಿ. ಆದಷ್ಟೂ ಊರಲ್ಲೇ ಸಾಕುವವರ ಮನೆಗೆ ಹೋಗಿ ಡಬ್ಬಿ ನೋಡಿ ತನ್ನಿ, ಮರಿ ದೊಡ್ಡದು ಎಲ್ಲಾ ಸೈಜೂ ಇದ್ದರೆ ಅವರು ಸಾಕಿದ್ದು ಅಂತ ಅರ್ಥ.

ನನ್ನ ದುಡ್ಡು ವಾಪಸ್ ಬಂದಿಲ್ಲ, ಬರೋದೂ ಇಲ್ಲ ಬಿಡಿ. ಬದುಕಿದವನ್ನು ಬೇರೆ ಡಬ್ಬಿಯಲ್ಲಿ ಮಣ್ಣು, ಒಣ ಎಲೆ ಹಾಕಿ ಇಟ್ಟಿದ್ದೇನೆ. ‘ಇಲ್ಲಿಗೇ ತಂದು ಬಿಡು ಅಕ್ಕಾ’ ಅಂತಾನೆ ತಮ್ಮ. ಆದರೆ ಎಲ್ಲಿಂದ ತಂದದ್ದೋ, ಜೊತೆಗೆ ಏನು ರೋಗ ಇದೆಯೋ, ಹೇಳಬೇಕಾದವನು ಬ್ಲಾಕ್ ಮಾಡಿ ಕೂತಿದ್ದಾನೆ. ಗೊತ್ತಿಲ್ಲದೆ ಇನ್ನೊಬ್ಬರ ತೋಟಕ್ಕೆ ಹೇಗೆ ಬಿಡಲಿ?